ನಿಂತಲ್ಲೇ ಓಡುತ್ತಿದ್ದ ಬೈಕು

ಕಾಸರಕೋಡಿನ ಚಿಕ್ಕಿಯ ಮನೆಯಲ್ಲಿ ಇಡ್ಲಿ ತಿನ್ನುವಾಗ ನಾನು ಈಗಲೂ ಒಮ್ಮೆ ಮೂಸಿ ನೋಡುತ್ತೇನೆ. ಪೆಟ್ರೋಲಿನ ವಾಸನೆ ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ. ಆ ಇಡ್ಲಿ ತಟ್ಟೆಯನ್ನು ಹುಣಸೆಹಣ್ಣು, ಬೂದಿ, ಸೋಪಿನ ಪುಡಿ, ಕೊನೆಗೆ ಬಿಸಿನೀರು ಹಾಕಿ ಅವಳು ಎಷ್ಟು ಸಲ ತಿಕ್ಕಿದ್ದಾಳೆಂದರೆ ಅದರ ಗುಳಿಗಳು ಹಿಂದೆಂದೂ ಇಲ್ಲದಷ್ಟು ಹೊಳೆಯುತ್ತವೆ. ಆದರೂ ಮೂಸುತ್ತೇನೆ. ಅವಳೂ ನಾನು ಮೂಸುವುದನ್ನು ನೋಡುತ್ತಾಳೆ.

ಆ ತಟ್ಟೆಯಲ್ಲಿ ಒಂದು ಭಾನುವಾರ ನಾನು ಚಿಕ್ಕಪ್ಪನ ಬೈಕಿನ ಕಾರ್ಬ್ಯುರೇಟರನ್ನು ಬಿಚ್ಚಿ ಹರಡಿದ್ದೆ. ಒಂದೊಂದು ಗುಳಿಯಲ್ಲಿ ಒಂದೊಂದು ಭಾಗ: ಜೆಟ್ಟು, ಸೂಜಿ, ಸ್ಪ್ರಿಂಗು, ತೇಲುವ ಬುರುಡೆ, ಸ್ಕ್ರೂಗಳು. ಕುಮಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳಿಗೆ ವಸ್ತುಗಳನ್ನು ಬೇರೆ ಬೇರೆ ಇಡುವ ಅಭ್ಯಾಸ ಬಿಡುವುದಿಲ್ಲ. ಬಾಗಿಲಿಗೆ ಬಂದು ನೋಡಿದ ಚಿಕ್ಕಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಇದೆಂತದೇ ಇದು? ನಾಳೆ ಇಡ್ಲಿ ಎಲ್ಲಿ ಬೇಯ್ಸುದು, ಪೆಟ್ರೋಲ್ ಟ್ಯಾಂಕಲ್ಲಾ?"

"ತೊಳ್ದು ಕೊಡ್ತೆ ಚಿಕ್ಕಿ."

"ನೀ ತೊಳ್ದದ್ದು ನಾ ತಿಂಬುದಿಲ್ಲ. ಮೊದ್ಲು ಆ ಗಾಡಿ ಬಾಯಿ ಮುಚ್ಸು."

ಬಾಯಿ ಮುಚ್ಚಿಸಬೇಕಾದ ಆ ಬೈಕಿನ ವಿಷಯ ಹೇಳುವ ಮೊದಲು ಚಿಕ್ಕಪ್ಪನ ವಿಷಯ ಹೇಳಬೇಕು. ಅವನು ಮೀನು ಮಾರುತ್ತಿದ್ದ. ಬೆಳಿಗ್ಗೆ ಬಂದರಿನಲ್ಲಿ ಮೀನು ತುಂಬಿಕೊಂಡು, ಹಿಂದಿನ ಸೀಟಿಗೆ ಬಿಗಿದ ಡಬ್ಬಿಗೆ ಬರ್ಫ ಎಂದು ಕರೆಯುವ ಐಸು ಸುರಿದು, ಶರಾವತಿಯ ದಂಡೆ ಹಿಡಿದು ಹೊಳೆಸಾಲಿನ ಊರುಗಳಿಗೆ ಹೋಗುತ್ತಿದ್ದ. ಮೀನಿನ ಬೈಕಿನವರೆಲ್ಲರಂತೆ ಅವನ ಹ್ಯಾಂಡಲ್ಲಿಗೂ ರಬ್ಬರ್ ಗೋಲದ ಒಂದು ಪೋಂ ಪೋಂ ಹಾರ್ನ್ ಇತ್ತು. ಅದರ ಸದ್ದಿಗೆ ಮೊದಲು ಬೆಕ್ಕುಗಳು, ಆಮೇಲೆ ಮಕ್ಕಳು, ಕೊನೆಗೆ ಕೈಯಲ್ಲಿ ಪಾತ್ರೆ ಹಿಡಿದ ಹೆಂಗಸರು ಹೊರಗೆ ಬರುತ್ತಿದ್ದರು. ಯಾವ ಮನೆಯವರು ಸೋಮವಾರ ಮೀನು ಮುಟ್ಟುವುದಿಲ್ಲ, ಯಾರು ಶನಿವಾರವೂ ಬಿಟ್ಟಿದ್ದಾರೆ, ಯಾವ ಮನೆಯ ಸೊಸೆಗೆ ತಿಂಗಳು ತುಂಬಿದ್ದರಿಂದ ಶೆಟ್ಲಿ ಎಂಬ ಸಿಗಡಿ ಕೊಡಬಾರದು, ಇವೆಲ್ಲ ಅವನ ತಲೆಯಲ್ಲಿರುತ್ತಿದ್ದವು. ರಜೆಯಲ್ಲಿ ನಾನು ಅವರ ಮನೆಗೆ ಹೋದಾಗ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗಿ, ಹಾರ್ನ್ ಒತ್ತುವ ಕೆಲಸ ನನಗೆ ಕೊಡುತ್ತಿದ್ದ. ನಾನು ಒತ್ತಿದರೆ ಬೆಕ್ಕುಗಳು ಕೂಡ ಬರುತ್ತಿರಲಿಲ್ಲ. "ಗಟ್ಟಿ ಒತ್ತೇ, ಅವ್ರೆಲ್ಲ ನೀ ಕೆಮ್ಮಿದ್ದು ಅಂದ್ಕಂಡ್ರು" ಎನ್ನುತ್ತಿದ್ದ.

ಅವನಿಗೆ ಕೋಪ ಬರುವುದನ್ನು ನಾನು ನೋಡಿದ್ದು ಒಮ್ಮೆ ಮಾತ್ರ. ಯಾರೋ ಗಿರಾಕಿ ಬಂಗಡೆಯ ಕಿವಿರು ಎತ್ತಿ ನೋಡಿ "ನಿನ್ನೆದು" ಎಂದಾಗ. ಅವನು ಮಾತಾಡದೆ ಆ ಬಂಗಡೆಯನ್ನು ತೆಗೆದು ಬೆಕ್ಕಿಗೆ ಎಸೆದ. ಬೆಕ್ಕು ಮೂಸಿ ನೋಡಿ ತಿಂದಿತು. "ನೋಡಿ, ಅದು ನಿಮಗಿಂತ ಹುಷಾರಿ" ಎಂದ. ಆಕೆ ನಕ್ಕು ಎರಡು ಪಾಲು ತೆಗೆದುಕೊಂಡಳು.

ಒಂದು ಬೇಸಿಗೆಯ ಕೊನೆಯಲ್ಲಿ, ಮಳೆಗಾಲದಲ್ಲಿ ಮೀನು ಹಿಡಿಯುವುದು ಬಂದ್ ಆಗಿ ದೋಣಿಗಳು ದಡ ಸೇರುವ ಮೊದಲು, ಅವನು ಹೋದ. ಎದೆ ನೋವು ಎಂದವನನ್ನು ಹೊನ್ನಾವರದ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚಿಕ್ಕಿ ಹೆಚ್ಚು ಅಳಲಿಲ್ಲ. ಆಷಾಢದ ಒಂದು ಮಧ್ಯಾಹ್ನ ನನಗೆ ಫೋನು ಮಾಡಿ, "ದೋಣಿ ಬಿಡು ಹೊತ್ತಿಗೆ ನಾನೇ ಹೊಳೆಸಾಲಿಗೆ ಹೋಗ್ತೆ. ಗಾಡಿ ಸ್ವಲ್ಪ ನೋಡ್ಕೊಡು" ಎಂದಳು.

ಅವಳಿಗೆ ಬೈಕು ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಚಿಕ್ಕಪ್ಪ ಕಾಸರಕೋಡಿನ ಮರಳ ದಂಡೆಯಲ್ಲಿ ತಮಾಷೆಗೆಂದು ಕಲಿಸಿದ್ದ. ಅದಕ್ಕೂ ಮೊದಲು ಅವಳು ಬುಟ್ಟಿ ಹೊತ್ತು ಬಸ್ಸಿನಲ್ಲಿ ಹೋಗಿ ಮಾರುತ್ತಿದ್ದವಳು. ಮೀನಿನ ನೀರು ಸೋರುತ್ತದೆಂದು ಕಂಡಕ್ಟರು ಬುಟ್ಟಿಯನ್ನೂ ಅವಳನ್ನೂ ನಡುದಾರಿಯಲ್ಲಿ ಇಳಿಸಿದ ಕತೆಯನ್ನು ನಗುತ್ತಲೇ ಹೇಳುತ್ತಿದ್ದಳು. ಆದರೆ ಆ ಕತೆ ಹೇಳಿದಾಗಲೆಲ್ಲ ಕೊನೆಯಲ್ಲಿ "ಇನ್ನು ಆ ಬಸ್ಸು ಹತ್ತುದಿಲ್ಲ" ಎಂದು ಸೇರಿಸುತ್ತಿದ್ದಳು. ಆ ಮಾತನ್ನು ಮಾತ್ರ ನಗುತ್ತ ಹೇಳುತ್ತಿರಲಿಲ್ಲ.

ತಡ ಮಾಡುವಂತೆಯೂ ಇರಲಿಲ್ಲ. ಮೀನಿನ ಬೈಕಿನವರಲ್ಲಿ ಒಂದು ಒಪ್ಪಂದವಿದೆ. ಒಂದು ದಾರಿ ಒಬ್ಬರದು. ಅವರು ಹೋಗುವ ದಾರಿಗೆ ಇನ್ನೊಬ್ಬರು ಹಾರ್ನ್ ಹಾಕಿಕೊಂಡು ಹೋಗುವಂತಿಲ್ಲ. ಆದರೆ ಬಂದ್ ಮುಗಿದು ಹೊಸ ಮೀನು ಬಂದ ಮೊದಲ ವಾರ ಆ ದಾರಿಯವರು ಬರದಿದ್ದರೆ ದಾರಿ ಖಾಲಿ ಎಂದು ಲೆಕ್ಕ. ಆಮೇಲೆ ಮೊದಲು ಹೋದವರಿಗೆ ಅದು ಮುಂದಿನ ಮಳೆಗಾಲದ ತನಕ. ಯಾರೂ ಬರೆದಿಟ್ಟದ್ದಲ್ಲ, ಯಾರೂ ಮುರಿದದ್ದೂ ಇಲ್ಲ.

ಬೈಕಿಗೆ ಬಂದ ರೋಗ ಇಷ್ಟೇ: ಸ್ಟಾರ್ಟ್ ಮಾಡಿದರೆ ನಿಂತಲ್ಲೇ ಓಡುತ್ತಿತ್ತು. ಆಕ್ಸಿಲರೇಟರ್ ಮುಟ್ಟದೆಯೂ, ಯಾರೋ ಕಾಣದವರು ಹಿಂಡುತ್ತಿದ್ದಾರೇನೋ ಎಂಬಂತೆ ಇಂಜಿನ್ ಕೂಗುತ್ತಿತ್ತು. ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಮುಂದಕ್ಕೆ ನೆಗೆಯುತ್ತಿತ್ತು. ಹೊಳೆಸಾಲಿನ ಮನೆಗಳ ಇಳಿಜಾರು ದಾರಿಗಳಲ್ಲಿ, ಹಿಂದೆ ಬರ್ಫಿನ ಡಬ್ಬಿಯ ಭಾರ ಹೊತ್ತು, ಇಂಥ ಗಾಡಿಯನ್ನು ಹಿಡಿದು ನಿಲ್ಲಿಸುವುದು ಆಗದ ಮಾತು. ಖಾಲಿ ಡಬ್ಬಿ ಇಟ್ಟು ಅಭ್ಯಾಸ ಮಾಡುವಾಗಲೇ ಅದು ಅವಳನ್ನು ಪಕ್ಕದ ಮನೆಯ ಬಸಳೆ ಚಪ್ಪರಕ್ಕೆ ನುಗ್ಗಿಸಿತು. ಚಪ್ಪರದ ಒಡತಿ ಬೈಯಲು ಹೊರಬಂದು, ಬಸಳೆ ಬಳ್ಳಿಯಲ್ಲಿ ಸಿಕ್ಕಿ ನಿಂತ ಚಿಕ್ಕಿಯನ್ನು ನೋಡಿ, "ಬಸಳೆಗೆ ಮೀನು ಹಾಕುದು ಗೊತ್ತಿತ್ತು. ಮೀನಿನವ್ಳನ್ನೇ ಹಾಕುದು ಇವತ್ತೇ ಕಂಡದ್ದು" ಎಂದಳಂತೆ.

ಚಿಕ್ಕಪ್ಪ ಇರುವಾಗಲೇ, ಬೇಸಿಗೆಯ ಒಂದೆರಡು ಮಳೆ ಬಿದ್ದ ಕೊನೆಯ ದಿನಗಳಲ್ಲಿ, ಗಾಡಿ ಹೀಗೆ ಮಾಡಲು ಶುರುಮಾಡಿತ್ತು ಎಂದು ಚಿಕ್ಕಿ ಹೇಳಿದಳು. "ಮಳೆಗಾಲಕ್ಕೆ ನೋಡ್ವ ಅಂತಿದ್ರು." ಅಷ್ಟೇ ಸುಳಿವು.

ನಾನು ಓದಿಕೊಂಡೇ ಹೊರಟೆ. ಹಳೆಯ ಕಾರ್ಬ್ಯುರೇಟರ್ ಗಾಡಿಗಳು ನಿಂತಲ್ಲೇ ಹೀಗೆ ಕೂಗಲು ಕಾರಣಗಳು ಹಲವು: ಒಳಗೆ ಕೊಳೆ ಕೂತಿರಬಹುದು, ಚೋಕ್ ಅಂಟಿರಬಹುದು, ಕಾರ್ಬ್ಯುರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರು ಬಿರಿದು ಗಾಳಿ ನುಗ್ಗುತ್ತಿರಬಹುದು, ಕೇಬಲ್ ಎಲ್ಲೋ ಬಿಗಿದಿರಬಹುದು. ನಾನು ಒಳಗಿನಿಂದ ಶುರುಮಾಡಿದೆ. ಅದೇ ಇಡ್ಲಿ ತಟ್ಟೆಯ ಭಾನುವಾರ. ಎಲ್ಲವನ್ನೂ ತೊಳೆದು, ಊದಿ, ಒರೆಸಿ, ಮರಳಿ ಜೋಡಿಸಿದೆ. ಒಂದು ವಾಷರ್ ಉಳಿಯಿತು. ಅದು ಎಲ್ಲಿಯದು ಎಂದು ಯೋಚಿಸುತ್ತ ಸಂಜೆ ಕಳೆಯಿತು. ಕೊನೆಗೆ ನೋಡಿದರೆ ಅದು ಪ್ರೆಷರ್ ಕುಕ್ಕರಿನದು, ತಟ್ಟೆಯ ಜೊತೆ ಬಂದದ್ದು. ಗಾಡಿ ಮೊದಲಿನಷ್ಟೇ ಗಟ್ಟಿಯಾಗಿ ಕೂಗಿತು. ಕಾರ್ಬ್ಯುರೇಟರಿನ ಪಕ್ಕದ, ನಿಂತಾಗಿನ ವೇಗ ಹೊಂದಿಸುವ ಸ್ಕ್ರೂವನ್ನು ಪೂರ್ತಿ ಸಡಿಲಿಸಿದರೂ ಸದ್ದು ಇಳಿಯಲಿಲ್ಲ.

ಮುಂದಿನ ವಾರ ಅದನ್ನು ಕುಮಟೆಯ ಗ್ಯಾರೇಜಿಗೆ ಒಯ್ದೆವು. ಮೆಕ್ಯಾನಿಕ್ ಒಮ್ಮೆ ಕಿವಿಗೊಟ್ಟು ಕೇಳಿ, ಹ್ಯಾಂಡಲ್ಲಿನ ನಡುವೆ ಕಟ್ಟಿದ್ದ ಹಾರ್ನಿಗೆ ಕೈ ಹಾಕಿದ.

"ಇದೊಂದು ಬಿಚ್ಚುವಾ ಅಕ್ಕಾ. ಕೈ ಆಡ್ಸುಕೆ ಜಾಗ ಇಲ್ಲ."

"ಅದು ಇರ್ಲಿ" ಎಂದಳು ಚಿಕ್ಕಿ.

"ಮತ್ತೆ ಕಟ್ಕೊಡ್ತೆ ಮಾರಾಯ್ತಿ."

"ಬೇಡ. ಅವ್ರು ಕಟ್ಟದ್ದು. ಮುಟ್ಬೇಡ."

ಹಾರ್ನಿನ ಕಬ್ಬಿಣದ ಹಿಡಿ ಉಪ್ಪುಗಾಳಿಗೆ ತುಕ್ಕು ಹಿಡಿದು ಮುರಿದಿತ್ತು. ಭಟ್ಕಳದಿಂದ ಹೊಸದು ತರುವ ತನಕ ಇರಲಿ ಎಂದು ಚಿಕ್ಕಪ್ಪ ಅದನ್ನು ಬಲೆಯ ಹತ್ತಿಹುರಿಯಿಂದ ಸುತ್ತಿ ಗಂಟು ಹಾಕಿದ್ದ. ಸಮುದ್ರದ ಬದಿಯ ಮನೆಗಳಲ್ಲಿ ಸಡಿಲವಾದ ಯಾವುದಕ್ಕೂ ಇದೇ ಔಷಧ. ಕಿಟಕಿಯ ಬಾಗಿಲು, ಕೊಡೆಯ ಕಡ್ಡಿ, ಕನ್ನಡಕದ ಕಾಲು, ಎಲ್ಲವೂ ಬಲೆಯ ಹುರಿಯಲ್ಲೇ ನಿಂತಿರುತ್ತವೆ. ಅದು ಅವನ ಕೈ ಹಾಕಿದ ಕೊನೆಯ ಗಂಟು ಎಂಬುದು ಮೆಕ್ಯಾನಿಕ್ಕಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದಕ್ಕೇ ನಾನೂ ಬಿಚ್ಚಲು ಒತ್ತಾಯಿಸಲಿಲ್ಲ. ಆತ ಭುಜ ಕುಣಿಸಿ, "ಆತು, ಹಾಗೇ ನೋಡ್ವ" ಎಂದ.

ಎರಡು ದಿನ ಬೈಕು ಗ್ಯಾರೇಜಿನ ತಗಡಿನ ಮಾಡಿನ ಕೆಳಗೆ ಒಣಗುತ್ತ ನಿಂತಿತ್ತು. ತರಲು ಹೋದಾಗ ಆತ ಹೆಮ್ಮೆಯಿಂದ ಸ್ಟಾರ್ಟ್ ಮಾಡಿ ತೋರಿಸಿದ. ಎಷ್ಟು ಸಣ್ಣ ಸದ್ದು! ಚಿಕ್ಕಿ ಅವನಿಗೆ ಮುಂದಿನ ಸಲ ಬಂಗಡೆ ತಂದುಕೊಡುವುದಾಗಿ ಹೇಳಿದಳು. ಹೊನ್ನಾವರದ ಸೇತುವೆಯ ಹತ್ತಿರ ಮಳೆ ಹಿಡಿಯಿತು. ಸೇತುವೆ ದಾಟುವಷ್ಟರಲ್ಲಿ ಗಾಡಿ ಮತ್ತೆ ಕೂಗಲು ಶುರುಮಾಡಿತ್ತು. ಹಿಂದೆ ಕೂತಿದ್ದ ನಾನು ಹವೆಯ ತೇವಾಂಶದ ಬಗ್ಗೆ ಚಿಕ್ಕಿಯ ಕಿವಿಗೆ ಒಂದು ಸಣ್ಣ ಪಾಠ ಮಾಡಿದೆ. ಅವಳು, "ಮಳೆ ಬಂದ್ರೆ ಮನುಷ್ಯರಿಗೂ ಶೀತ ಆತದೆ. ಹೀಂಗೆ ಕೂಗುದಿಲ್ಲ" ಎಂದಳು.

ಅಷ್ಟರಲ್ಲಿ ದೋಣಿಗಳು ನೀರಿಗಿಳಿದವು. ಆ ಮೊದಲ ವಾರದ ಗುರುವಾರ ನಾಗೇಶ ಮನೆಗೆ ಬಂದ. ಚಿಕ್ಕಪ್ಪನ ಜೊತೆಯವನು. ಹೊಳೆಸಾಲಿನ ಪಕ್ಕದ ದಾರಿ ಅವನದು. ಜಗಲಿಯ ತುದಿಯಲ್ಲಿ ಕೂತು, ಚಾ ಆರುವ ತನಕ ಮಳೆಯ ವಿಷಯ ಮಾತಾಡಿ, ಆಮೇಲೆ ಹೇಳಿದ.

"ಅತ್ತಿಗೆ, ಹೊಳೆಸಾಲಿನವ್ರು ನಂಗೆ ಫೋನ್ ಮಾಡ್ತಾ ಇದ್ರು. ನೀವು ಹೋಗುದಾದ್ರೆ ನಾ ಆ ಬದಿಗೆ ಕಾಲಿಡುದಿಲ್ಲ. ಶನಿವಾರದ ಒಳಗೆ ಹೊರಡ್ತ್ರಾ?"

"ಶನಿವಾರ ಎಂತಕೆ? ನಾಳೆನೇ ಹೋಗ್ತೆ. ಗಾಡಿ ರೆಡಿ ಆತು" ಎಂದಳು ಚಿಕ್ಕಿ.

ಗಾಡಿ ರೆಡಿಯಾಗಿರಲಿಲ್ಲ. ಅವನು ಹೋದ ಮೇಲೆ ನಾನು ಅವಳ ಮುಖ ನೋಡಿದೆ. "ಹಾಗೆ ಹೇಳದಿದ್ರೆ ಅವ ಇಲ್ಲೇ ನನ್ನ ಮೇಲೆ ಕನಿಕರ ಮಾಡ್ತಿದ್ದ" ಎಂದು ಲೋಟ ಎತ್ತಿಕೊಂಡು ಒಳಗೆ ಹೋದಳು.

ಶುಕ್ರವಾರ ಕಾಲೇಜು ಮುಗಿಸಿ ಬಂದವಳೇ ಕಾರ್ಬ್ಯುರೇಟರಿನ ರಬ್ಬರಿನ ಮೇಲೆ ಸೋಪಿನ ನೀರು ಚಿಮುಕಿಸಿದೆ. ಬಿರುಕಿದ್ದರೆ ಅದು ನೀರನ್ನು ಎಳೆದುಕೊಂಡು ಇಂಜಿನ್ನಿನ ಸದ್ದು ಬದಲಾಗಬೇಕು.

"ಸೋಪು ಆತು, ಗಾಡಿ ತಲೆಗೆ ಎಣ್ಣೆನೂ ಹಚ್ತ್ಯಾ?" ಎಂದು ಚಿಕ್ಕಿ ಕೇಳಿದಳು.

ಸದ್ದು ಬದಲಾಯಿತು ಎಂದು ನನಗೆ ಅನಿಸಿತು. ಬದಲಾಗಲಿ ಎಂದು ಕಿವಿ ಆಸೆಪಟ್ಟಿತ್ತೋ ಏನೋ. ಶನಿವಾರ ಇಡೀ ದಿನ ಆ ರಬ್ಬರಿಗಾಗಿ ಭಟ್ಕಳದ ಅಂಗಡಿಗಳನ್ನು ಸುತ್ತಿದೆ. ಕೊನೆಗೆ ಹಳೆಯ ಬಿಡಿಭಾಗಗಳ ಒಂದು ಅಂಗಡಿಯ ಮುದುಕರು ಒಳಗಿನ ಡಬ್ಬಿಯಿಂದ ಹುಡುಕಿ ತಂದು, ಧೂಳು ಊದಿ, "ಈ ಗಾಡಿಯ ರಬ್ಬರ್ ಕೇಳ್ಕೊಂಡು ಬಂದದ್ದು ನೀನೇ ಬೇಟಿ. ಬಾಕಿಯವ್ರೆಲ್ಲ ಗಾಡೀನೇ ಮಾರ್ಬಿಟ್ರು" ಎಂದರು. ನನಗೆ ಆಗ ಗೆದ್ದಷ್ಟು ಖುಷಿಯಾಗಿತ್ತು. ಬಸ್ಸಿನ ಕಿಟಕಿಯ ಬಳಿ ಕೂತು ಅದನ್ನು ಅಂಗೈಯಲ್ಲಿಟ್ಟುಕೊಂಡೇ ಬಂದೆ.

ಭಾನುವಾರ ಬೆಳಿಗ್ಗೆ ಅದನ್ನು ಹಾಕಿದೆ. ಸ್ಟಾರ್ಟ್ ಮಾಡಿದೆ. ಬೈಕು ಕೂಗಿತು.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮಧ್ಯಾಹ್ನ ಮಳೆ ಜೋರಾಯಿತು. ಗಾಡಿಯನ್ನು ಕೊಟ್ಟಿಗೆಯ ಮಾಡಿನ ಕೆಳಗೆ ತರಬೇಕು. ಬಾವಿಗೂ ಗೋಡೆಗೂ ನಡುವೆ ಜಾಗ ಕಡಿಮೆ, ಹ್ಯಾಂಡಲ್ ಪೂರ್ತಿ ತಿರುಗಿಸಿಯೇ ಒಳತರಬೇಕು. ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡಿ, ಇಂಜಿನ್ ಆರಿಸದೆಯೇ ತಳ್ಳಿದೆ. ಎಡಕ್ಕೆ ತಿರುಗಿಸಿದೆ, ಕೂಗು ಕಿರುಚಾಟವಾಯಿತು. ಬಲಕ್ಕೆ ತಿರುಗಿಸಿದೆ, ಬೈಕು ಸುಮ್ಮನಾಯಿತು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಮಳೆಯಲ್ಲಿ ನೆನೆಯುತ್ತ ಹ್ಯಾಂಡಲ್ ಅಲ್ಲಾಡಿಸುತ್ತ ನಿಂತವಳನ್ನು ಪಕ್ಕದ ಮನೆಯವರು ನೋಡಿರಬೇಕು.

ಅಷ್ಟು ದಿನವೂ ನಾನು ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ನೆಟ್ಟಗೆ ಇಟ್ಟೇ ಪರೀಕ್ಷೆ ಮಾಡಿದ್ದೆ. ಬಗ್ಗಿ ಹಾರ್ನಿನ ಕೆಳಗೆ ಬೆರಳು ತೂರಿಸಿದೆ. ಹತ್ತಿಹುರಿಯ ಮೂರು ಸುತ್ತುಗಳಲ್ಲಿ ಒಂದು ಸುತ್ತಿನೊಳಗೆ ಆಕ್ಸಿಲರೇಟರಿನ ಕೇಬಲ್ ಸಿಕ್ಕಿಕೊಂಡಿತ್ತು. ಹುರಿ ನೆನೆದಾಗ ಬಿಗಿದು ಕೇಬಲನ್ನು ಎಳೆಯುತ್ತಿತ್ತು, ಒಣಗಿದಾಗ ಬಿಡುತ್ತಿತ್ತು. ಕುಮಟೆಯ ತಗಡಿನ ಮಾಡು, ಸೇತುವೆಯ ಮಳೆ, ಎಲ್ಲದಕ್ಕೂ ಅರ್ಥ ಸಿಕ್ಕಿತು. ಅವಸರದಲ್ಲಿ ಗಂಟು ಹಾಕುವಾಗ ಕೇಬಲ್ ಸೇರಿಕೊಂಡದ್ದನ್ನು ಚಿಕ್ಕಪ್ಪ ನೋಡಿರಲಿಲ್ಲ.

ಹೇಗೆ ಹೇಳುವುದೆಂದು ತಿಳಿಯದೆ ಒಳಗೆ ಹೋಗಿ ತಲೆ ಒರೆಸಿಕೊಂಡೆ. ಅಕ್ಕಿ ಆರಿಸುತ್ತಿದ್ದ ಚಿಕ್ಕಿ ತಲೆಯೆತ್ತಿದಳು.

"ಸಿಕ್ತಾ?"

"ಸಿಕ್ತು."

"ಎಂತದು?"

"ಹಾರ್ನ್ ಕಟ್ಟಿದ ಹುರಿ ಚಿಕ್ಕಿ. ಕೇಬಲ್ಲಿನ ಮೇಲೆ ಬಂದಿತ್ತು."

ಅವಳು ಮೊರ ಕೆಳಗಿಟ್ಟಳು. ನಾನು ಕತ್ತರಿ ತೆಗೆದುಕೊಂಡು ಹೊರಟಾಗ, "ಕತ್ರಿ ಇಡು ಅಲ್ಲೇ" ಎಂದಳು. ಹೊರಗೆ ಬಂದು, ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಉಗುರಿನಿಂದ ಗಂಟನ್ನು ಬಿಡಿಸತೊಡಗಿದಳು. ಹುಟ್ಟಿದಾಗಿನಿಂದ ಬಲೆಯ ಸಿಕ್ಕು ಬಿಡಿಸಿದ ಬೆರಳುಗಳು. ಆದರೂ ತುಂಬ ಹೊತ್ತು ಹಿಡಿಯಿತು. ಅವಳು ಅವಸರ ಮಾಡಲೇ ಇಲ್ಲ. ನಡುವೆ ಒಮ್ಮೆ, "ಎಂಥಾ ಗಂಟು ಹಾಕಿರು ಇವ್ರು, ಹಾರ್ನ್ ಕಟ್ಟುಕಾ, ಆನೆ ಕಟ್ಟುಕಾ" ಎಂದಳು. ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಹುರಿ ಬಿಚ್ಚಿ ಸ್ಟಾರ್ಟ್ ಮಾಡಿದರೆ ಬೈಕು ತಣ್ಣಗಿತ್ತು. ಎಡಕ್ಕೆ ತಿರುಗಿಸಿದರೂ ಅಷ್ಟೇ, ಬಲಕ್ಕೆ ತಿರುಗಿಸಿದರೂ ಅಷ್ಟೇ. ಸಡಿಲಿಸಿದ್ದ ಸ್ಕ್ರೂವನ್ನು ಸ್ವಲ್ಪ ಬಿಗಿ ಮಾಡಬೇಕಾಯಿತು, ಅಷ್ಟೇ ಕೆಲಸ.

ಸೋಮವಾರ ಆ ಕಡೆ ಹೆಚ್ಚಿನ ಮನೆಗಳಲ್ಲಿ ಮೀನಿಲ್ಲ. ಶನಿವಾರ ದಾಟಿದ್ದರೂ, ಚಿಕ್ಕಿಯ ಮಾತು ಕೇಳಿದ ನಾಗೇಶ ಇನ್ನೆರಡು ದಿನ ಕಾದಿರುತ್ತಾನೆ ಎಂದುಕೊಂಡು ಮಂಗಳವಾರ ಹೊರಟೆವು. ಚಿಕ್ಕಿ ಸೀರೆಯ ಮೇಲೆ ಚಿಕ್ಕಪ್ಪನ ಅಂಗಿ ತೊಟ್ಟು, ಡಬ್ಬಿಯ ತುಂಬ ಬಂಗಡೆ ಹೇರಿಕೊಂಡು ಮುಂದೆ. ಕಾಲೇಜಿಗೆ ರಜೆ ಹಾಕಿದ ನಾನು ಸ್ಕೂಟಿಯಲ್ಲಿ ಹಿಂದೆ. ಇಳಿಜಾರುಗಳಲ್ಲಿ ಬೈಕು ಹೇಳಿದ ಹಾಗೆ ಕೇಳಿತು. ತಿರುವಿನಲ್ಲಿ ಅವಳು ಒಮ್ಮೆ ಹಿಂತಿರುಗಿ ನನ್ನನ್ನು ನೋಡಿದಳು. ಅಷ್ಟು ಚಂದದ ಮುಖವನ್ನು ನಾನು ಆ ವರ್ಷ ಮತ್ತೆ ನೋಡಲಿಲ್ಲ.

ಮೊದಲ ಮನೆ ದೇವಿಯಕ್ಕನದು. ಮದುವೆ, ಮುಂಜಿ ಎಲ್ಲದಕ್ಕೂ ಚಿಕ್ಕಪ್ಪನನ್ನು ಕರೆಯುತ್ತಿದ್ದ ಹಳೆಯ ಗಿರಾಕಿ. ಹೊರಗೆ ಬಂದವಳು ಗೇಟಿನಲ್ಲೇ ನಿಂತಳು.

"ಅಯ್ಯ, ನೀನೇ ಬಂದ್ಯಾ! ಬತ್ತೆ ಅಂತ ಒಂದು ಮಾತು ಹೇಳ್ಬಾರದಿತ್ತಾ ಮಾರಾಯ್ತಿ? ಭಾನುವಾರ ನಾಗೇಶ ಬಂದ. ಇವತ್ತೂ ಈಗಷ್ಟೇ ಕೊಟ್ಟು ಹೋದ." ಬಾವಿಕಟ್ಟೆಯ ಮೇಲೆ ಅವಳ ಪಾತ್ರೆಯಲ್ಲಿ ತೊಳೆದ ಬಂಗಡೆ ಇತ್ತು. "ಅಡ್ಡಿಲ್ಲ, ನಿನ್ನ ಹತ್ರಾನೂ ನಾಕು ತಕಂತೆ, ಕೊಡು."

"ಬೇಡ ದೇವಿಯಕ್ಕ. ಅಷ್ಟು ಮೀನು ಎಂತ ಮಾಡ್ತ್ರಿ, ಹಾಳಾತದೆ" ಎಂದು ಚಿಕ್ಕಿ ಬೈಕು ತಿರುಗಿಸಿದಳು.

ಮುಂದಿನ ತಿರುವಿನಲ್ಲಿ ನಾಗೇಶನೇ ಎದುರಾದ. ಗಾಡಿ ಬದಿಗೆ ಹಾಕಿ ಇಳಿದು ಬಂದ. ಅವನ ಮುಖ ನೋಡಿದರೆ ಕದ್ದು ಸಿಕ್ಕಿಬಿದ್ದವನ ಹಾಗಿತ್ತು.

"ಶನಿವಾರ ಸಂಜೆ ತನಕ ಕಾದೆ ಅತ್ತಿಗೆ. ನಾಳೆನೇ ಹೋಗ್ತೆ ಅಂದ್ರಿ, ಹೋಗ್ಲಿಲ್ಲ. ನೀವು ಬಿಟ್ರಿ ಅಂದ್ಕಂಡೆ. ಈಗೆಂತ, ನಾ ಬಿಡ್ತೆ. ನಾಳೆಯಿಂದ ನೀವೇ ಬನ್ನಿ."

"ನೀ ಬಿಟ್ರೆ ನಾಳೆ ಇನ್ನೊಬ್ಬ ನಿನ್ನ ದಾರಿಗೆ ಬಂದು ಹೀಂಗೇ ಕೇಳ್ತ. ಅವ್ರು ಇರುವಾಗ ಎಂದಾದ್ರೂ ಯಾರ ದಾರಿನಾದ್ರೂ ಕೇಳಿದ್ರಾ?" ಚಿಕ್ಕಿಯ ದನಿ ಏರಿರಲಿಲ್ಲ. "ತಡ ಮಾಡದ್ದು ನಾನು. ನೀ ಹೋಗು, ಬರ್ಫ ಕರಗ್ತದೆ."

ಅವಳು ಆಗಲೇ ಗೇರು ಹಾಕಿದ್ದಳು.

ಮಧ್ಯಾಹ್ನ ಇಬ್ಬರೂ ಬಾವಿಕಟ್ಟೆಯ ಬಳಿ ಕೂತು ಡಬ್ಬಿಯ ಬಂಗಡೆಯನ್ನೆಲ್ಲ ಸೀಳಿ ಉಪ್ಪು ಹಾಕಿದೆವು. ಅವಳು ಸೀಳುವುದು, ನಾನು ತೊಳೆಯುವುದು.

"ದಾರಿ ಹೋದ್ಮೇಲೆ ಗಾಡಿ ಎಂತಕೆ? ನಾಳೆಯಿಂದ ಬುಟ್ಟಿ ತಕಂಡು ಬಸ್ಸಿಗೇ ಹೋಗ್ತೆ" ಎಂದಳು. "ಈಗಿನ ಕಂಡಕ್ಟರು ಅಷ್ಟು ಕೆಟ್ಟವ್ರಲ್ಲ ಅಂತ್ರು."

ನಾನು ಹೂಂಗುಟ್ಟಿದೆ.

"ಕುಮಟೆಯಲ್ಲಿ ಅವ ಕೇಳ್ದಾಗ್ಲೇ ಬಿಚ್ಚುಕೆ ಬಿಟ್ಟಿದ್ರೆ, ಅವತ್ತೇ ಸರಿ ಆಗ್ತಿತ್ತಾ?"

ಅವಳು ಕೈ ನಿಲ್ಲಿಸಿರಲಿಲ್ಲ. ಮೀನಿನ ಮೇಲಿಂದ ಕಣ್ಣೂ ಎತ್ತಿರಲಿಲ್ಲ.

"ಗೊತ್ತಿಲ್ಲ ಚಿಕ್ಕಿ" ಎಂದೆ.

"ನೀ ಗೊತ್ತಿಲ್ಲ ಅನ್ನುದು ಇವತ್ತೇ ಕೇಳದ್ದು ನಾನು" ಎಂದಳು. ಆಮೇಲೆ ಕೈ ಚಾಚಿದಳು. "ಆತು. ಆ ಉಪ್ಪು ಇತ್ಲಾಗೆ ಕೊಡು."